ಮೇವಿನ ಜೋಡಿ

ಶ್ರೀರಂಗಪಟ್ಟಣ, ಗಂಜಾಮಿನ ಪೇಟೆ
ಶಾಲಿವಾಹನ ಶಕ ೧೭೧೦, ಕೀಲಕ ಸಂವತ್ಸರದ ಕಾರ್ತಿಕ ಶುದ್ಧ ಪಂಚಮಿ

ಅಕ್ಕಿಹೆಬ್ಬಾಳು ಗರಡಿಯ ಯಜಮಾನರಾದ ಮುದ್ದಯ್ಯನವರಿಗೆ ಅವರ ಮಗ ಬೋರಯ್ಯ ಬರೆಯುವುದು.

ಕಾಗದದ ತಲೆಯಲ್ಲಿ ತೀರ್ಥರೂಪ ಎಂದು ಬರೆದು ನಮಸ್ಕಾರ ಹೇಳಬೇಕೆಂದು ಮಠದ ಐಗಳು ಕಲಿಸಿದ್ದರು. ಬರೆಯಲು ಕೈ ಬರಲಿಲ್ಲ. ಅವ್ವನಿಗೆ ನನ್ನ ನಮಸ್ಕಾರ ತಿಳಿಸಿ. ಇದನ್ನು ನಿಮಗೆ ಓದಿ ಹೇಳುವ ಐಗಳಿಗೂ ನಮಸ್ಕಾರ. ಐಗಳೇ, ಯಾವ ಮಾತನ್ನೂ ಮೆತ್ತಗೆ ಮಾಡದೆ ಇದ್ದದ್ದು ಇದ್ದಂತೆ ಓದಿ.

ಹೇಳದೆ ಕೇಳದೆ ಮನೆ ಬಿಟ್ಟು ಹೋದ ಎಂದು ಊರೆಲ್ಲ ಆಡಿಕೊಳ್ಳುತ್ತಿರಬಹುದು. ಆಡಿಕೊಳ್ಳಲಿ. ನಾನು ಇಲ್ಲಿ ಒಂದು ಅಕ್ಕಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದೇನೆ. ಬಲಭುಜ ಇನ್ನೂ ಸರಿಹೋಗಿಲ್ಲ, ಎಡಭುಜದಲ್ಲಿ ಹೊರುತ್ತೇನೆ. ಇಲ್ಲಿಯ ಕಚೇರಿಯವರು ವರ್ಷಕ್ಕೂ ತಿಂಗಳಿಗೂ ಹೊಸ ಹೆಸರು ಇಟ್ಟಿದ್ದಾರೆ. ಅವು ನನ್ನ ಬಾಯಿಗೆ ಬರುವುದಿಲ್ಲವಾದ್ದರಿಂದ ನಮ್ಮ ಪಂಚಾಂಗದ ತಿಥಿಯನ್ನೇ ಹಾಕಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ವಿಜಯದಶಮಿಯ ದಿನ ಅತ್ತಿಕುಪ್ಪೆಯಲ್ಲಿ ನಮ್ಮ ಗರಡಿಗೂ ಹಿರೋಡೆಯ ಗರಡಿಗೂ ಐದು ಜೋಡಿ ಕುಸ್ತಿ ನಡೆಯಿತು. ಮೂರು ಜೋಡಿ ಗೆದ್ದ ಗರಡಿಗೆ ಗೆಲುವು. ಯಾರ ಎದುರಿಗೆ ಯಾರು, ಯಾರು ಮೊದಲು ಯಾರು ಆಮೇಲೆ ಎಂದು ಜೋಡಿ ಕಟ್ಟುವುದು ಎರಡು ಕಡೆಯ ಯಜಮಾನರ ಅಧಿಕಾರ. ಹಿರೋಡೆಯವರು ಹುಣಿಸೆ ಬೀಜವನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದರು. ಯಾವ ಕೈ ಎಂದು ನೀವು ಹೇಳಿ ಸೋತಿರಿ. ಸೋತ ಕಡೆಯವರು ಮೊದಲು ತಮ್ಮ ಆಳನ್ನು ಇಳಿಸಬೇಕು. ಗೆದ್ದವರು ಅವನನ್ನು ನೋಡಿಕೊಂಡು ತಮ್ಮ ಉತ್ತರದ ಆಳನ್ನು ಇಳಿಸುತ್ತಾರೆ. ಎರಡನೆಯ ಜೋಡಿಗೆ ಸರದಿ ತಿರುಗುತ್ತದೆ. ಇದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೆ ನನಗಾದ ಅನ್ಯಾಯವನ್ನು ಮೊದಲಿಂದ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಮೊದಲು ಇಳಿಯುವವನು ಮೇವು. ಹೇಮಾವತಿಯ ಈ ದಡದಲ್ಲಾಗಲಿ ಆ ದಡದಲ್ಲಾಗಲಿ ಈ ಮಾತು ಗೊತ್ತಿಲ್ಲದ ಗರಡಿ ಇಲ್ಲ. ಮೊದಲು ಇಳಿದವನ ಮೇಲೆ ಎದುರಿನವರು ತಮಗೆ ಬೇಕಾದವನನ್ನು ಬಿಡಬಹುದು. ಅದಕ್ಕೇ ಕೈಲಾಗದವನೊಬ್ಬನನ್ನು ಮೊದಲು ಮೇಯಲು ಹಾಕಿ ಒಳ್ಳೆಯವರನ್ನು ಉಳಿಸಿಕೊಳ್ಳುತ್ತಾರೆ. ನಮ್ಮ ಐವರಲ್ಲಿ ಮೇವಾಗಲು ಚಿಕ್ಕಸ್ವಾಮಿ ಇದ್ದ. ಹೋದ ವರ್ಷವೂ ಅವನೇ ಆಗಿದ್ದ, ಅವನಿಗೆ ಅದರಲ್ಲಿ ಬೇಸರವೂ ಇಲ್ಲ. ನೀವು ಅವನನ್ನು ದಾಟಿ ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟಿರಿ.

ಹಿರೋಡೆಯವರು ದ್ಯಾವಯ್ಯನನ್ನು ಇಳಿಸಿದರು. ಇಲ್ಲಿಂದ ನಾಗಮಂಗಲದವರೆಗೆ ಅವನ ಎದುರು ನಿಂತು ಬೆನ್ನಿಗೆ ಮಣ್ಣು ಹತ್ತದವರು ಇಲ್ಲ. ನಾನು ಬಿದ್ದೆ, ಭುಜ ಉಳುಕಿತು. ದ್ಯಾವಯ್ಯನ ಸರದಿ ಅಲ್ಲಿಗೆ ಮುಗಿಯಿತಲ್ಲ, ನೀವು ಉಳಿದ ನಾಲ್ವರನ್ನು ಜೋಡಿಸಿ ಮೂರು ಕುಸ್ತಿ ಗೆದ್ದಿರಿ. ಊರಿಗೆ ತಮಟೆ ಹೊಡೆಸಿಕೊಂಡು ಬಂದಿರಿ.

ಆ ಸಂಜೆ ಅರಳಿಕಟ್ಟೆಯ ಮೇಲೆ ಬೋಜೇಗೌಡರು ನಿಮ್ಮನ್ನು ಹೊಗಳಿದ್ದು ನನಗೆ ಕೇಳಿಸಿತು. "ಯಜಮಾನಪ್ಪ ಮಗನ್ನೇ ಮೇವಾಕಿ ಊರ್ನ ಗೆಲ್ಲಿಸ್ಬುಟ್ಟ ಕಣ್ರಲಾ" ಎಂದರು. ನೀವು ಅಲ್ಲೇ ಕೂತಿದ್ದಿರಿ. ಅಲ್ಲ ಎನ್ನಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದಿರಿ. ಬಿದ್ದದ್ದನ್ನು ನಾನು ಮರೆತರೂ ಇದನ್ನು ಮರೆಯಲಾರೆ.

ಊರಲ್ಲಿ ಬೇರೆ ಬೋರಯ್ಯಂದಿರೂ ಇದ್ದಾರೆ. ಗುರುತಿಗೆ ಇರಲಿ ಎಂದು ನನ್ನನ್ನು ಈಗ ಮೇವಿನ ಬೋರ ಎನ್ನುತ್ತಾರೆ. ಹೊಳೆಗೆ ಹೋಗುವ ಹೆಂಗಸರೂ ಎನ್ನುತ್ತಾರೆ. ಅವರಿಗೆ ನಗುವೂ ಇಲ್ಲ, ಅದು ನನ್ನ ಹೆಸರೇ ಆಗಿಹೋಗಿದೆ.

ನಾನು ಕೇಳುವುದು ಒಂದೇ ಮಾತು. ಬರುವ ಶನಿವಾರ ಗರಡಿಯ ಪೂಜೆಗೆ ಎಲ್ಲರೂ ಸೇರಿದಾಗ, ನನ್ನ ಮಗ ಮೇವಲ್ಲ ಎಂದು ಅವರೆದುರಿಗೆ ಹೇಳಿ. ಹೇಳಿದಿರೆಂದು ತಿಳಿದರೆ ಅವತ್ತೇ ಹೊರಟು ಬರುತ್ತೇನೆ. ಇಲ್ಲವಾದರೆ ಇಲ್ಲಿಯೂ ಗರಡಿ ಇದೆ, ಇಲ್ಲಿಯೂ ಮಣ್ಣು ಇದೆ.

ನಿಮ್ಮ ಮಗನೆಂದು ಊರವರು ಹೇಳುವ
ಬೋರಯ್ಯ


ಅಕ್ಕಿಹೆಬ್ಬಾಳು
ಕಾರ್ತಿಕ ಬಹುಳ ತದಿಗೆ

ಬೋರಯ್ಯನಿಗೆ ಮುದ್ದಯ್ಯ ಹೇಳಿ ಬರೆಸುವುದು.

ನಿನ್ನ ಕಾಗದವನ್ನು ಕಂಬಳಿ ಮಾರುವವರು ತಂದುಕೊಟ್ಟರು. ಐಗಳು ನಮ್ಮ ಜಗುಲಿಯ ಮೇಲೆ ಕೂತು ನೀನು ಹೇಳಿದ ಹಾಗೇ ಗಟ್ಟಿಯಾಗಿ ಓದಿದರು. ಬೀದಿಯಲ್ಲಿ ಹೋಗುವವರು ನಿಂತು ಕೇಳಿ, ಮುಗಿದ ಮೇಲೆ ಹೋದರು. ಇನ್ನು ಮೇಲೆ ಒಳಗೆ ಕೂತು ಓದಿ ಎಂದು ಅವರಿಗೆ ಹೇಳಿದ್ದೇನೆ.

ರಾಗಿ ಕೊಯ್ಲು ನಡೆದಿದೆ. ಕಪ್ಪು ಹಸು ಹೆಣ್ಣು ಕರು ಹಾಕಿದೆ. ನಿನ್ನ ಅವ್ವನಿಗೆ ಮಂಡಿ ನೋವು. ನೀನು ಎಡಭುಜದಲ್ಲಿ ಮೂಟೆ ಹೊರುತ್ತೀಯೆಂದು ಕೇಳಿ ಅವಳು ಒಂದು ಹೊತ್ತು ಊಟ ಬಿಟ್ಟಳು. ಹರಳೆಣ್ಣೆ ಬೆಚ್ಚಗೆ ಮಾಡಿ ಭುಜಕ್ಕೆ ಹಚ್ಚು. ತಣ್ಣೀರು ಹಾಕಬೇಡ.

ಜೋಡಿ ಕಟ್ಟಿದವನು ನಾನು. ಇಷ್ಟು ವರ್ಷ ಕಟ್ಟಿದ್ದೇನೆ, ಯಾಕೆ ಹೀಗೆ ಕಟ್ಟಿದೆ ಎಂದು ನನ್ನನ್ನು ಒಬ್ಬರೂ ಕೇಳಿಲ್ಲ. ಹೊಟ್ಟೆಯಲ್ಲಿ ಹುಟ್ಟಿದವನು ಕೇಳಿದ ಮಾತ್ರಕ್ಕೆ ಹೇಳುವವನಲ್ಲ. ಅವತ್ತು ಬಿದ್ದದ್ದು ನೀನು, ನಾನಲ್ಲ. ಬಿದ್ದವನು ಎದ್ದು ಮೈ ಒರೆಸಿಕೊಂಡು ಮಾರನೆಯ ದಿನ ಗರಡಿಗೆ ಬರುತ್ತಾನೆ. ಪಟ್ಟಣಕ್ಕೆ ಓಡಿಹೋಗಿ ಅಲ್ಲಿಂದ ಅಪ್ಪನನ್ನು ಬೈದು ಬರೆಯುವ ಪೈಲ್ವಾನನನ್ನು ನಾನು ಯಾವ ಊರಿನಲ್ಲೂ ಕಂಡಿಲ್ಲ.

ನೀನು ಹೇಳು ಎಂದ ಮಾತನ್ನು ಗರಡಿಯಲ್ಲಿ ನಾನು ಹೇಳುವುದಿಲ್ಲ. ಯಾಕೆ ಎಂದು ಕೇಳಬೇಡ. ಬರುವುದಾದರೆ ಬಾ.

ಮುದ್ದಯ್ಯ

ಬರೆದವನ ಮಾತು: ಯಜಮಾನರು ಹೇಳಿದಂತೆಯೇ ಬರೆದಿದ್ದೇನೆ. ಕಾಗದ ಚಿಕ್ಕದಾದ್ದರಿಂದ ಬೈಗುಳಗಳನ್ನು ಮಾತ್ರ ಬಿಟ್ಟಿದ್ದೇನೆ. — ಮಠದ ಐಗಳು


ಶ್ರೀರಂಗಪಟ್ಟಣ
ಮಾರ್ಗಶಿರ ಶುದ್ಧ ದಶಮಿ

ಯಜಮಾನರಿಗೆ ಬೋರಯ್ಯ ಬರೆಯುವುದು.

ಬಿದ್ದದ್ದು ನೀನು ಎಂದು ಬರೆಸಿದ್ದೀರಿ. ಹೌದು, ಬಿದ್ದೆ. ಬೀಳು ಎಂದವರು ಯಾರು?

ಅಖಾಡದಲ್ಲಿ ನೀವು ಹಿಡಿ ಮಣ್ಣು ತೆಗೆದು ನನ್ನ ಕತ್ತಿಗೆ ಉಜ್ಜಿದಿರಿ. ಎದುರಿಗೆ ದ್ಯಾವಯ್ಯ ತೊಡೆ ತಟ್ಟುತ್ತಿದ್ದ. ನೀವು ಅವನ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. "ಓಗ್ಲಾ, ಬಿರ್ನೆ ಮುಗಿಸ್ಕಂಡ್ ಬಾ" ಎಂದಿರಿ. ಮೊದಲು ಇಳಿಸಿದ ಆಳಿಗೆ ಯಜಮಾನ ಬೇಗ ಮುಗಿಸಿಕೊಂಡು ಬಾ ಎಂದರೆ ಏನು ಅರ್ಥ? ಮೇವಿನ ಕೆಲಸ ಬೇಗ ಬೀಳುವುದು. ಹೋದ ವರ್ಷ ಚಿಕ್ಕಸ್ವಾಮಿ ಎಲೆ ಅಡಿಕೆ ಹಾಕಿಕೊಂಡವನು ಅದನ್ನು ಉಗಿಯುವ ಮೊದಲೇ ಬಿದ್ದು ಎದ್ದು ಬಂದ. ನೀವು ಅವನ ಬೆನ್ನು ತಟ್ಟಿದಿರಿ. ಅದನ್ನು ನೋಡಿಕೊಂಡೇ ನಾನು ಕಣಕ್ಕೆ ಇಳಿದವನು.

ದ್ಯಾವಯ್ಯನ ಕೈ ಹಿಡಿದೆ. ಹಿಡಿದ ಕೂಡಲೇ ನನಗೆ ತಿಳಿಯಿತು, ಇವನು ಊರವರು ಹೇಳುವಷ್ಟು ದೊಡ್ಡವನಲ್ಲ. ಮುಂದಕ್ಕೆ ಬಾಗಿ ತೂಕವನ್ನೆಲ್ಲ ನನ್ನ ಮೇಲೆ ಹಾಕಿದ್ದ, ಎಡಗಾಲು ನೆಲದ ಮೇಲೆ ಸುಮ್ಮನೆ ಇತ್ತು. ಬಗ್ಗಿ ಆ ಕಾಲಿಗೆ ಕೈ ಹಾಕಿದ್ದರೆ ಆಗುತ್ತಿತ್ತು. ನೀವೇ ಕಲಿಸಿದ ಪಟ್ಟು ಅದು. ಕೈ ಹಾಕಲಿಲ್ಲ. ಅಪ್ಪ ಹೇಳಿದ್ದಾನೆ, ಗರಡಿಗೆ ಬೇಕಾಗಿದೆ ಎಂದು ಮೈ ಸಡಿಲ ಬಿಟ್ಟೆ. ಬಿಗಿ ಬಿಟ್ಟ ಮೈ ಹೇಗೆ ಬೀಳುತ್ತದೆಂದು ನಿಮಗೆ ಗೊತ್ತು. ಭುಜ ಹೋದದ್ದು ಅದರಿಂದ.

ದ್ಯಾವಯ್ಯನಿಗೇ ನಂಬಿಕೆಯಾಗಲಿಲ್ಲ. ನನ್ನ ಎದೆಯ ಮೇಲಿಂದ ಏಳುವ ಮೊದಲು, "ಯಾಕ್ಲಾ ಬುಟ್ಬುಟ್ಟೆ?" ಎಂದು ಮೆಲ್ಲಗೆ ಕೇಳಿದ. ಅವನು ಎದುರಾಳಿಯಾಗಿದ್ದರೂ ಇಷ್ಟು ಕೇಳಿದ. ನೀವು ಇದುವರೆಗೂ ಕೇಳಿಲ್ಲ.

ನಾನು ಕಷ್ಟಪಟ್ಟು ಸೋತಿದ್ದರೆ ನನಗೆ ಈ ಸಿಟ್ಟು ಇರುತ್ತಿರಲಿಲ್ಲ. ನಿಮ್ಮ ಮಾತು ಕೇಳಿ ಗೆಲುವನ್ನು ಕೈಯಿಂದ ಬಿಟ್ಟೆ. ನೀವು ಅದನ್ನು ತೆಗೆದುಕೊಂಡು ಊರಿಗೆ ಹಂಚಿದಿರಿ. ನನಗೆ ಉಳಿದದ್ದು ಒಂದು ಅಡ್ಡಹೆಸರು ಮತ್ತು ಹರಳೆಣ್ಣೆ. ಅದರ ಮೇಲೆ, ಬಿದ್ದವನು ನೀನು ಎಂದು ಬರೆಸುತ್ತೀರಲ್ಲ, ನಿಮಗೆ ಹೇಗೆ ಮನಸ್ಸು ಬಂತು?

ಗಂಜಾಮಿನ ಗರಡಿಯ ಉಸ್ತಾದರು ಮೂಟೆ ಹೊರುವ ನನ್ನನ್ನು ನೋಡಿ ಕರೆದು ಮಾತಾಡಿಸಿದರು. ಭುಜ ವಾಸಿಯಾದ ಮೇಲೆ ಬಾ ಎಂದಿದ್ದಾರೆ. ಹೋಗುತ್ತೇನೆ. ಅವರು ನನ್ನ ಊರು ಕೇಳಿದರು, ಅಪ್ಪ ಯಾರೆಂದು ಕೇಳಿದರು. ಊರು ಮಾತ್ರ ಹೇಳಿದೆ.

ಬೋರಯ್ಯ


ಅಕ್ಕಿಹೆಬ್ಬಾಳು
ಪುಷ್ಯ ಬಹುಳ ಚೌ‌ತಿ

ಬೋರಯ್ಯನಿಗೆ ಮುದ್ದಯ್ಯ ಬರೆಸುವುದು.

ನಿನ್ನ ಕಾಗದ ಓದಿಸಿಕೊಂಡು ತಿಂಗಳ ಮೇಲಾಯಿತು. ಉತ್ತರ ಹೇಳುತ್ತೇನೆಂದು ಐಗಳನ್ನು ಕರೆಸಿ, ಬಾಯಿ ಬಾರದೆ ವಾಪಸು ಕಳಿಸಿದೆ. ಸಂಕ್ರಾಂತಿಗೆ ದನಗಳಿಗೆ ಕಿಚ್ಚು ಹಾಯಿಸುವಾಗಲೂ ನನಗೆ ಅದೇ ಯೋಚನೆ. ಇವತ್ತು ಹೇಳುತ್ತೇನೆ, ಕೇಳು.

ನಿನ್ನನ್ನು ಮೇವು ಎಂದವರು ಯಾರು? ನಾನು ಎಂದೆನೇ? ಹಿರೋಡೆಯ ಯಜಮಾನ ಮೊನ್ನೆ ಮೊನ್ನೆ ಗರಡಿಗೆ ಬಂದವನಲ್ಲ. ಮೇವಿನ ಮೇಲೆ ದ್ಯಾವಯ್ಯನನ್ನು ಬಿಟ್ಟು ಕೈ ಖಾಲಿ ಮಾಡಿಕೊಳ್ಳಲು ಅವನಿಗೇನು ಹುಚ್ಚೇ? ಚಿಕ್ಕಸ್ವಾಮಿಯನ್ನು ನಾನು ಇಳಿಸಿದ್ದರೆ ಅವರಲ್ಲಿ ಕೊನೆಯವನು ಯಾರೋ ಅವನು ಬರುತ್ತಿದ್ದ. ದ್ಯಾವಯ್ಯ ಹಿಂದೆ ಉಳಿದುಕೊಂಡು ನಮ್ಮ ಒಳ್ಳೆಯ ಆಳನ್ನು ತಿನ್ನುತ್ತಿದ್ದ. ಅದಕ್ಕೆ ಎಲ್ಲರೂ ಮಾಡುವುದನ್ನು ಬಿಟ್ಟು ನಮ್ಮಲ್ಲಿ ಮೊದಲನೆಯವನನ್ನೇ ಮೊದಲು ಇಳಿಸಿದೆ. ಹಿರೋಡೆಯ ಯಜಮಾನ ನಿನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಮೊದಲನೆಯ ಜೋಡಿಯಲ್ಲೇ ಸೋಲುವುದನ್ನು ಅವನು ಸಹಿಸುವವನಲ್ಲ, ಅದು ನನಗೆ ಗೊತ್ತು. ನಿನ್ನನ್ನು ತಡೆಯಲು ಅವನ ಹತ್ತಿರ ಇದ್ದವನು ಒಬ್ಬನೇ. ತಿರುಗಿ ದ್ಯಾವಯ್ಯನನ್ನು ಕರೆದ. ನೀನು ಏನು ಆಳು ಎಂದು ಅವನಿಗೆ ಗೊತ್ತಾಯಿತು, ನನಗೆ ಗೊತ್ತಿತ್ತು. ಆ ಮೈಯನ್ನು ಹೊತ್ತವನಿಗೆ ಗೊತ್ತಿರಲಿಲ್ಲ ಎಂದರೆ ನಾನು ಯಾರಿಗೆ ಹೇಳಿಕೊಳ್ಳಲಿ?

ಬಿರ್ನೆ ಮುಗಿಸ್ಕಂಡ್ ಬಾ ಎಂದೆ, ನಿಜ. ನಿನ್ನನ್ನು ಹೊಲ ಉಳಲು ಕಳಿಸುವಾಗಲೂ ಅದನ್ನೇ ಹೇಳಿದ್ದೇನೆ. ಆಗೆಲ್ಲ ಹೊಲ ಉಳದೆ ಬಂದೆಯಾ?

ಇನ್ನು ಅರಳಿಕಟ್ಟೆಯ ಮಾತು. ಯಾಕೆ ಸುಮ್ಮನಿದ್ದೆ ಎಂದು ಕೇಳಿದ್ದೀಯ. ನೀನು ದ್ಯಾವಯ್ಯನ ಎದುರು ಕೈಲಾಗದೆ ಬಿದ್ದೆ ಎಂದು ನಾನು ತಿಳಿದಿದ್ದೆ. ನಾನು ನಿನ್ನ ಬಲವನ್ನು ಹೆಚ್ಚಾಗಿ ಎಣಿಸಿ ನಿನ್ನ ಭುಜ ಕೆಡಿಸಿದೆ ಎಂದು ಒಳಗೇ ಬೇಯುತ್ತಿದ್ದೆ. ಅಷ್ಟರಲ್ಲಿ ಬೋಜೇಗೌಡ ಮೇವು ಎಂದ. ನನಗೆ ಅದು ಒಳ್ಳೆಯದೇ ಅನ್ನಿಸಿತು. ಮೇವು ಎಂದರೆ ಹಾಕಿದವನು ನಾನು, ಮಾತು ನನ್ನ ಮೇಲೆ. ಮೇವಲ್ಲ, ನಮ್ಮ ಮೊದಲನೆಯ ಆಳೇ ಅವನು ಎಂದು ನಾನು ಹೇಳಿದ್ದರೆ, ಹಾಗಾದರೆ ಹಾಗೆ ಯಾಕೆ ಬಿದ್ದ ಎಂದು ಎಲ್ಲರೂ ಕೇಳುತ್ತಿದ್ದರು, ಮಾತು ನಿನ್ನ ಮೇಲೆ ಬರುತ್ತಿತ್ತು. ಅದಕ್ಕೆ ಎಲೆಗೆ ಸುಣ್ಣ ಹಚ್ಚುತ್ತಾ ಕೂತೆ. ಊರು ನನ್ನನ್ನು ಮಗನನ್ನು ಮೇಯಿಸಿದವನು ಎನ್ನಲಿ ಎಂದು ಕೂತೆ.

ಈಗ ನೋಡಿದರೆ ನೀನು ಬೇಕೆಂದೇ ಬಿದ್ದವನು. ನಿನ್ನ ಕೈಯಲ್ಲೇ ಬರೆದಿದ್ದೀಯ. ಕೈಲಾಗುವವನು ತಿಳಿದು ತಿಳಿದು ಬಿದ್ದರೆ ಯಜಮಾನ ಅವನಿಗೆ ಮತ್ತೆ ಮಣ್ಣು ಕೊಡಬಾರದು, ಅಖಾಡಕ್ಕೆ ಇಳಿಸಬಾರದು. ಇದು ನಾನು ಮಾಡಿದ ಕಟ್ಟಳೆಯಲ್ಲ, ನನ್ನ ಅಪ್ಪನ ಕಾಲದ್ದೂ ಅಲ್ಲ. ಮಗನೆಂದು ನಿನಗೊಬ್ಬನಿಗೆ ಅದನ್ನು ಮುರಿಯಲಾರೆ. ನಾನು ಯಜಮಾನನಾಗಿ ಇರುವವರೆಗೆ ಈ ಗರಡಿಯಲ್ಲಿ ನಿನಗೆ ಮಣ್ಣು ಇಲ್ಲ.

ಐಗಳು ಈ ಮಾತನ್ನು ಯಾರಿಗೂ ಹೇಳುವುದಿಲ್ಲ ಎಂದು ದೀಪ ಮುಟ್ಟಿದ್ದಾರೆ. ಊರಿನವರಿಗೆ ನೀನು ಮೇವಾಗಿಯೇ ಇರು. ಬೇಕೆಂದು ಬಿದ್ದವನು ಎನ್ನಿಸಿಕೊಳ್ಳುವುದಕ್ಕಿಂತ ಅದು ವಾಸಿ.

ಮುದ್ದಯ್ಯ


ಶ್ರೀರಂಗಪಟ್ಟಣ
ಮಾಘ ಶುದ್ಧ ಸಪ್ತಮಿ

ಅಪ್ಪನಿಗೆ.

ಕಾಗದದಲ್ಲಿ ನೀವು ಎಂದು ಬರೆಯಬೇಕೆಂದು ಐಗಳು ಕಲಿಸಿದ್ದರು. ಇವತ್ತು ಮನೆಯಲ್ಲಿ ಕರೆಯುವ ಹಾಗೆ ಬರೆಯುತ್ತೇನೆ. ನೀವು ಎಂದುಕೊಂಡು ಇಷ್ಟು ಸಿಟ್ಟನ್ನು ಬರೆಯಲು ಆಗುವುದಿಲ್ಲ.

ನಾನು ನಿನ್ನ ಗರಡಿಯಲ್ಲಿ ಮೊದಲನೆಯ ಆಳು ಎಂದು ನೀನು ನನಗೆ ಯಾವತ್ತು ಹೇಳಿದ್ದೀಯ? ಹಿರೋಡೆಯ ಯಜಮಾನ ನನ್ನನ್ನು ನೋಡಿ ತಿಳಿದುಕೊಂಡನಂತೆ. ನಿನ್ನ ಮನಸ್ಸಿನಲ್ಲಿ ಇತ್ತಂತೆ. ನಾನು ಎಲ್ಲಿಂದ ತಿಳಿದುಕೊಳ್ಳಬೇಕಿತ್ತು? ಗರಡಿಗೆ ಬಂದಾಗಿನಿಂದ ನಿನ್ನ ಬಾಯಲ್ಲಿ ನಾನು ಕೇಳಿದ್ದು ಕಾಲು ಅಗಲ ಮಾಡು, ತಲೆ ತಗ್ಗಿಸು, ಇನ್ನೊಂದು ಸಲ ಎಂಬ ಮಾತುಗಳನ್ನೇ. ಅವತ್ತು ಒಂದು ಸಲ ಬಾಯಿಬಿಟ್ಟು ಗೆದ್ದು ಬಾ ಎಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಬೇಕೆಂದು ಬಿದ್ದವನಿಗೆ ಮಣ್ಣು ಕೊಡಬಾರದು ಎಂಬ ಕಟ್ಟಳೆ ನನಗೂ ಗೊತ್ತು. ಗರಡಿಗಾಗಿ ಬೀಳು ಎಂದು ಯಜಮಾನ ಹೇಳಿದನೆಂದು ತಿಳಿದು ಬಿದ್ದವನಿಗೆ ಏನು ಮಾಡಬೇಕೆಂದು ಆ ಕಟ್ಟಳೆಯಲ್ಲಿ ಇಲ್ಲ. ವರ್ಷವರ್ಷವೂ ಬೇಕೆಂದು ಬೀಳುವ ಚಿಕ್ಕಸ್ವಾಮಿಗೆ ನೀನು ಮಣ್ಣು ಕೊಡುತ್ತೀಯ. ಅವನಿಗೆ ಕೈಲಾಗುವುದಿಲ್ಲ, ನಿನಗೆ ಕೈಲಾಗುತ್ತಿತ್ತು ಎನ್ನುತ್ತೀಯೇನೋ. ಇದೇ ಮಾತನ್ನು ಅವತ್ತು ಹೇಳಬೇಕಿತ್ತು ಎಂದು ನಾನು ಹೇಳುತ್ತಿರುವುದು.

ಇನ್ನೊಂದು ಸುದ್ದಿ ನಿನಗೆ ಬಂದಿರಬಹುದು. ಫಾಲ್ಗುಣ ಹುಣ್ಣಿಮೆಗೆ ಹಿರೋಡೆಯ ಅಖಾಡದಲ್ಲಿ ನಮ್ಮ ಗಂಜಾಮಿನ ಗರಡಿಗೂ ನಿನ್ನ ಗರಡಿಗೂ ಐದು ಜೋಡಿ ನಿಶ್ಚಯವಾಗಿದೆ. ನಾನು ಇಲ್ಲಿಯ ಐವರಲ್ಲಿ ಒಬ್ಬ. ನಾನು ನಿನ್ನ ಮಗನೆಂದು ಉಸ್ತಾದರಿಗೆ ಯಾರೋ ಹೇಳಿದ್ದಾರೆ. ಕರೆದು ಕೂರಿಸಿ ಶರಬತ್ತು ಕೊಟ್ಟು, ನಿಮ್ಮ ತಂದೆ ಯಾರನ್ನು ಯಾವಾಗ ಇಳಿಸುತ್ತಾರೆ ಎಂದು ಕೇಳಿದರು. ಅವರ ಮನಸ್ಸಿನಲ್ಲಿ ಏನಿದೆಯೆಂದು ನನಗೆ ಯಾವತ್ತೂ ತಿಳಿದದ್ದಿಲ್ಲ ಎಂದೆ. ಅವರು ನನ್ನನ್ನು ನಂಬಿದರು. ನಾನು ಸುಳ್ಳು ಹೇಳಿರಲಿಲ್ಲ.

ನಮ್ಮೂರಿಂದ ಎಣ್ಣೆ ತರುವವರು ಹೇಳಿದ ಮಾತು ಕೇಳು. ಬೋರ ಎದುರಿಗೆ ಬಂದರೆ ಚಿಕ್ಕಸ್ವಾಮಿಯನ್ನು ಇಳಿಸುವುದು, ಮೇವಿಗೆ ಮೇವು ಸರಿಹೋಗುತ್ತದೆ ಎಂದು ನಿನ್ನ ಗರಡಿಯಲ್ಲಿ ಈಗಲೇ ನಗುತ್ತಿದ್ದಾರಂತೆ. ಅದೇ ಜಾಣತನದ ಜೋಡಿ, ನನಗೂ ಗೊತ್ತು. ನನ್ನ ಮೇಲೆ ಚಿಕ್ಕಸ್ವಾಮಿಯನ್ನು ಕಳೆದು, ನಿನ್ನಲ್ಲಿ ಈಗ ಮೊದಲನೆಯ ಆಳಾದ ಕೆಂಪಯ್ಯನನ್ನು ಉಳಿಸಿಕೊಂಡರೆ ನೀನು ಗೆಲ್ಲುತ್ತೀಯ. ಹಾಗೇ ಕಟ್ಟು. ಐದೂರಿನ ಜನ ನೋಡಿಕೊಂಡು ನಗಲಿ.

ಭುಜ ವಾಸಿಯಾಗಿದೆ ಎಂದು ಅವ್ವನಿಗೆ ಹೇಳು.

ಬೋರ


ಅಕ್ಕಿಹೆಬ್ಬಾಳು
ಮಾಘ ಬಹುಳ ಬಿದಿಗೆ

ಬೋರಯ್ಯನಿಗೆ.

ಕಾಗದ ಬಂತು. ನೀನು ಎಂದು ಕರೆದದ್ದು ಕೇಳಿದೆ. ಐಗಳು ಅಲ್ಲಿ ಸ್ವಲ್ಪ ತಡವರಿಸಿದರು, ಓದಿ ಎಂದೆ.

ಚಿಕ್ಕಸ್ವಾಮಿಯನ್ನು ಇಳಿಸು, ಕೆಂಪಯ್ಯನನ್ನು ಉಳಿಸು ಎಂದು ನನಗೆ ಕಲಿಸಲು ಬರಬೇಡ. ನಮ್ಮ ಗರಡಿಯ ಜೋಡಿ ನಾನು ಕಟ್ಟುತ್ತೇನೆ.

ಕರು ಚೆನ್ನಾಗಿದೆ.

ಮುದ್ದಯ್ಯ


ಅಕ್ಕಿಹೆಬ್ಬಾಳು
ಸೌಮ್ಯ ಸಂವತ್ಸರದ ಚೈತ್ರ ಶುದ್ಧ ಅಷ್ಟಮಿ

ಮಗ ಬೋರನಿಗೆ ನಿನ್ನ ಅವ್ವ ಮಾಯಮ್ಮ ಐಗಳ ಕೈಯಲ್ಲಿ ಬರೆಸುವುದು.

ನಿಮ್ಮಪ್ಪ ಹೊಲಕ್ಕೆ ಹೋದ ಹೊತ್ತು ನೋಡಿ ಐಗಳನ್ನು ಕರೆಸಿದ್ದೇನೆ. ನೀವಿಬ್ಬರೂ ಒಬ್ಬರಿಗೊಬ್ಬರು ಏನೇನು ಬರೆದುಕೊಂಡಿರಿ ಎಂದು ನನಗೆ ಗೊತ್ತಿಲ್ಲ ಅಂದುಕೊಂಡಿದ್ದೀರಿ. ಒಳಗೆ ಕೂತು ಓದಿಸಿದರೆ ಒಳಗೆ ಇರುವವಳಿಗೆ ಕೇಳಿಸುವುದಿಲ್ಲವೇ? ನನಗೆ ಇಬ್ಬರ ಮೇಲೂ ಸಿಟ್ಟು ಬಂದಿದೆ. ಒಬ್ಬನಿಗೆ ಬಾಯಿಲ್ಲ, ಇನ್ನೊಬ್ಬನಿಗೆ ಕಿವಿಯಿಲ್ಲ. ನಡುವೆ ನಾನು ವರ್ಷದ ಹಬ್ಬಗಳನ್ನೆಲ್ಲ ಕಣ್ಣೀರಲ್ಲಿ ಕಳೆದೆ.

ಹುಣ್ಣಿಮೆಯ ಕುಸ್ತಿಯಿಂದ ಬಂದವರಲ್ಲಿ ಮೊದಲು ನಮ್ಮ ಮನೆಗೆ ಬಂದವನು ಚಿಕ್ಕಸ್ವಾಮಿ. ಅವನದೇ ಒಂದು ದೂರು. ನಿಮ್ಮ ಉಸ್ತಾದರು ಹುಣಿಸೆ ಬೀಜದಲ್ಲಿ ಸೋತು ನಿನ್ನನ್ನು ಮೊದಲು ಇಳಿಸಿದರಂತೆ. ನಮ್ಮ ಕಡೆಯವರೆಲ್ಲ ಹಿಂದಿನಿಂದ ಚಿಕ್ಕಸ್ವಾಮಿ, ಚಿಕ್ಕಸ್ವಾಮಿ ಎಂದು ಕೂಗಿದರಂತೆ. ಅವನು ಲಂಗೋಟಿ ಬಿಗಿ ಮಾಡಿಕೊಂಡು ಎದ್ದೂ ನಿಂತಿದ್ದನಂತೆ. ನಿಮ್ಮಪ್ಪ ಅವನನ್ನು ತೋಳು ಹಿಡಿದು ಕೂರಿಸಿ ಕೆಂಪಯ್ಯನನ್ನು ಕರೆದರಂತೆ. ನನ್ನ ಸರದಿಯನ್ನು ಕಿತ್ತುಕೊಂಡುಬಿಟ್ಟರು ಅವ್ವಾ ಎಂದು ಚಿಕ್ಕಸ್ವಾಮಿ ಅಳುವುದೊಂದು ಬಾಕಿ. ಮುಂದಿನದು ನಿನಗೇ ಗೊತ್ತು. ಕೆಂಪಯ್ಯನನ್ನು ಕೆಡವಿದೆ. ಕೆಂಪಯ್ಯನಿಗಾಗಿ ಉಳಿಸಿದ್ದ ಜೋಡಿಯಲ್ಲಿ ಚಿಕ್ಕಸ್ವಾಮಿ ಇಳಿದು ಬಿದ್ದ. ಪಟ್ಟಣದವರಿಗೆ ಮೂರು, ನಮಗೆ ಎರಡು. ನೀನು ತಲೆ ಬಗ್ಗಿಸಿಕೊಂಡು ಉಸ್ತಾದರ ಹಿಂದೆ ಹೊರಟುಹೋದೆಯಂತೆ. ಒಂದು ಸಲ ತಿರುಗಿಯಾದರೂ ನೋಡಬಾರದಿತ್ತೇನೋ?

ಆಮೇಲಿನದು ನಿನಗೆ ಗೊತ್ತಿಲ್ಲ. ಯುಗಾದಿ ಕಳೆದು ಬಂದ ಶನಿವಾರ ಗರಡಿಯಲ್ಲಿ ಊರು ಸೇರಿ ನಿಮ್ಮಪ್ಪನನ್ನು ನಿಲ್ಲಿಸಿ ಕೇಳಿತು. "ಚಿಕ್ಕಸ್ವಾಮಿನ ಬುಟ್ಟು ಕೆಂಪಯ್ಯನ್ನ ಯಾಕ್ ಇಳಿಸ್ದೆ? ಮಗ ಅಂತ ಬುಟ್ಕೊಟ್ಯಾ?" ಎಂದರು ಬೋಜೇಗೌಡರು. ಬಿಟ್ಟುಕೊಡುವವನಾಗಿದ್ದರೆ ಚಿಕ್ಕಸ್ವಾಮಿಯನ್ನೇ ಇಳಿಸುತ್ತಿದ್ದೆ, ನನ್ನ ಹತ್ತಿರ ಇದ್ದ ಗಟ್ಟಿ ಆಳನ್ನು ಅವನ ಮೇಲೆ ಬಿಟ್ಟೆ ಎಂದರಂತೆ ಇವರು. ಆಮೇಲೆ ಇನ್ನೊಂದು ಮಾತು ಹೇಳಿದರಂತೆ. ಐಗಳು ಅಲ್ಲೇ ಇದ್ದರು, ಅವರು ಕೇಳಿದ ಹಾಗೆಯೇ ಬರೆಯಲು ಹೇಳಿದ್ದೇನೆ.

"ನನ್ ಮಗ ಮೇವಲ್ಲ. ಅವ್ನ ಎದುರ್ಗೆ ಮೇವಾಕಾಕೂ ಆಗಾಕಿಲ್ಲ. ಅವತ್ತು ತೆಪ್ಪು ನಂದು. ಯೋಳಬೇಕಾದ್ ಮಾತ ಸರಿಯಾಗಿ ಯೋಳ್ನಿಲ್ಲ."

ನೀನು ಕಾರ್ತಿಕದಲ್ಲಿ ಕೇಳಿದ ಮಾತನ್ನು ಇವರು ಚೈತ್ರದಲ್ಲಿ ಹೇಳಿದರು. ಇವರಿಗೆ ಅದೇ ಬೇಗ.

ಊರಿನವರು ಕೇಳಲಿಲ್ಲ. ಜೋಡಿ ಕಟ್ಟುವ ಅಧಿಕಾರವನ್ನು ಇವರಿಂದ ತೆಗೆದು ಬೋಜೇಗೌಡರಿಗೆ ಕೊಟ್ಟರು. ಇವರು ಮನೆಗೆ ಬಂದು ಎರಡು ಮುದ್ದೆ ಉಂಡು, ಇನ್ನೊಂದು ಕೇಳಿದರು. ಮಾವನವರ ಕಾಲದಿಂದ ಬಂದದ್ದು ಹೋಯಿತಲ್ಲ ಎಂದೆ. ಹೋಯ್ತು ಬುಡು ಎಂದರು. ಅವರು ಹಾಗೆ ಅಂದದ್ದನ್ನು ನಾನು ಈ ಮನೆಗೆ ಬಂದ ಮೇಲೆ ಕೇಳಿಲ್ಲ.

ಈಗ ನಾನು ಹೇಳುವುದನ್ನು ಕೇಳು. ನಾನು ಯಜಮಾನನಾಗಿ ಇರುವವರೆಗೆ ಮಣ್ಣು ಕೊಡುವುದಿಲ್ಲ ಎಂದು ನಿನಗೆ ಬರೆಸಿದವರು ಈಗ ಯಜಮಾನರಲ್ಲ. ಬೋಜೇಗೌಡರಿಗೆ ಗೆಲ್ಲುವ ಆಳು ಬೇಕು, ನಿನ್ನನ್ನು ಕರೆಸಿಕೊಡಿ ಎಂದು ನಿನ್ನೆ ನನ್ನ ಹತ್ತಿರವೇ ಬಂದು ಕೇಳಿದರು. ಬಾ ಎಂದು ನಿಮ್ಮಪ್ಪ ಬರೆಸುವುದಿಲ್ಲ. ನಾನು ಬರೆಸಿದ್ದೇನೆ.

ಚಿಕ್ಕಸ್ವಾಮಿ ಹೇಳಿದ ಇನ್ನೊಂದು ಮಾತು ಉಳಿದಿದೆ. ಸೋತದ್ದನ್ನು ಊರು ಹೇಗೋ ನುಂಗಿಕೊಳ್ಳುತ್ತಿತ್ತು, ಪಟ್ಟಣದವರ ಎದುರು ನಾವು ಸೋತದ್ದು ಇದೇ ಮೊದಲಲ್ಲ. ಊರಿಗೆ ಸಿಟ್ಟು ಬಂದದ್ದು ಬೇರೆಯದಕ್ಕೆ. ಕೆಂಪಯ್ಯನ ಬೆನ್ನು ಮಣ್ಣಿಗೆ ತಾಗಿ ನೀನು ಎದ್ದು ನಿಂತಾಗ ನಿಮ್ಮಪ್ಪ ನಗುತ್ತಿದ್ದರಂತೆ. ನೀನೊಬ್ಬನನ್ನು ಬಿಟ್ಟು ಅದನ್ನು ಎಲ್ಲರೂ ನೋಡಿದರು.

ನಿನ್ನ ಅವ್ವ
ಮಾಯಮ್ಮ